ಜೆಕ್ವೆರಿಯ ಕಲಿಕೆ ಮತ್ತು ಕನ್ನಡದ ಮಕ್ಕಳು

ಜಾಲಪುಟವೆಂಬುದನ್ನು ಕಾಣದ ವಿದ್ಯಾರ್ಥಿಯು ಈ ಮುಂಬಯಿ ನಗರದಲ್ಲಿ ಇಂದು ಒಬ್ಬನೂ ಇರಲಾರನು. ಪರೀಕ್ಷೆಯ ಫಲಿತಾಂಶವನ್ನು ನೋಡುವುದು ಅಲ್ಲಿ. ರಜೆಯಲ್ಲಿ ಊರಿಗೆ ಹೋಗುವ ರೈಲಿನ ಟಿಕೆಟನ್ನು ಕಾದಿರಿಸುವುದು ಅಲ್ಲಿ. ಆದರೆ ಆ ಪುಟದ ಮೇಲೆ ಬೆರಳಿಟ್ಟೊಡನೆ ಮುಚ್ಚಿದ್ದುದು ತೆರೆದುಕೊಳ್ಳುವುದೂ, ತಪ್ಪು ಬರೆದೊಡನೆ ಕೆಂಪು ಗೆರೆ ಮೂಡುವುದೂ ಯಾವ ಉಪಾಯದಿಂದ ಎಂದು ಕೇಳುವವರು ವಿರಳ. ಕೇಳುವ ಒಬ್ಬಿಬ್ಬರಿಗೂ ಸಿಗುವ ಉತ್ತರವು ಸಾಮಾನ್ಯವಾಗಿ ಒಂದೇ: "ಅದು ಇಂಗ್ಲಿಷ್ ಮಾಧ್ಯಮದವರ ವಿದ್ಯೆ." ಈ ಮಾತು ನಮ್ಮ ಮಕ್ಕಳ ಬಾಯಲ್ಲೇ ಬರತೊಡಗಿರುವುದನ್ನು ನಾವು ಕಳೆದ ಕೆಲವು ವರ್ಷಗಳಿಂದ ಕೇಳುತ್ತಿದ್ದೇವೆ. ಆದುದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಾರ್ಷಿಕ ಸಂಚಿಕೆಯ ಮೂಲಕ ಸ್ಪಷ್ಟವಾಗಿ ತಿಳಿಸುವುದು ಯುಕ್ತವೆಂದು ತೋರುತ್ತದೆ.

ಮೊದಲು ಆ ಉಪಾಯವೇನೆಂಬುದನ್ನು ತಿಳಿಯೋಣ. ನಾವು ಒಂದು ಪುಟವನ್ನು ತೆರೆದಾಗ, ದೂರದ ಸರ್ವರಿನಿಂದ ನಮ್ಮ ಯಂತ್ರಕ್ಕೆ ಬಂದು ಸೇರುವುದು ಬರಿಯ ಪಠ್ಯ. ಅದರಲ್ಲಿ ಮೂರು ಬಗೆ: ಪುಟದಲ್ಲಿ ಏನಿದೆ ಎಂಬುದನ್ನು ಹೇಳುವ ಎಚ್.ಟಿ.ಎಂ.ಎಲ್., ಅದು ಹೇಗೆ ಕಾಣಬೇಕೆಂಬುದನ್ನು ಹೇಳುವ ಸಿ.ಎಸ್.ಎಸ್., ಮತ್ತು ಅದು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳುವ ಜಾವಾಸ್ಕ್ರಿಪ್ಟ್. ಬ್ರೌಸರ್ ಈ ಪಠ್ಯವನ್ನು ಓದಿ ತನ್ನೊಳಗೆ ಒಂದು ವೃಕ್ಷವನ್ನು ಕಟ್ಟುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಬರೆದಿಡುವ ವಂಶವೃಕ್ಷದಂತೆಯೇ ಅದರಲ್ಲಿ ತಾಯಿಗೊಂಬೆಯುಂಟು, ಮರಿಗೊಂಬೆಗಳುಂಟು. ಪುಟದ ಒಡಲೊಳಗೆ ಪ್ಯಾರಾ, ಪ್ಯಾರಾದೊಳಗೆ ಪದ. ಜಾವಾಸ್ಕ್ರಿಪ್ಟ್ ಮಾಡುವ ಕೆಲಸವೆಲ್ಲವೂ ಈ ವೃಕ್ಷದ ಕೊಂಬೆಗಳನ್ನು ಹುಡುಕಿ ಅಲ್ಲಾಡಿಸುವುದೇ. ಇನ್ನೊಂದು ಸಂಗತಿಯನ್ನು ಮರೆಯಬಾರದು: ಆ ಕೆಲಸವು ನಡೆಯುವುದು ಸರ್ವರಿನಲ್ಲಿ ಅಲ್ಲ, ಓದುಗನ ಕೈಯಲ್ಲಿರುವ ಯಂತ್ರದಲ್ಲಿಯೇ. ಅದಕ್ಕಾಗಿಯೇ ನಿಮ್ಮ ಮನೆಯ ಹಳೆಯ ಫೋನಿನಲ್ಲಿಯೂ ಗುಂಡಿಯೊತ್ತಿದ ಫಲವು ಆ ಕ್ಷಣವೇ ಕಾಣುತ್ತದೆ.

ಜೆಕ್ವೆರಿ ಎಂಬುದು ಆ ಜಾವಾಸ್ಕ್ರಿಪ್ಟಿನಲ್ಲಿಯೇ ಬರೆದಿಟ್ಟ ಒಂದು ಸಿದ್ಧ ಭಂಡಾರ. ಪದೇ ಪದೇ ಬೇಕಾಗುವ ಕೆಲಸಗಳಿಗೆ ಬೇರೊಬ್ಬರು ಮೊದಲೇ ಬರೆದಿಟ್ಟ ವಿಧಾನಗಳನ್ನು ನಾವು ಹೆಸರು ಹಿಡಿದು ಕರೆದರೆ ಸಾಕು. ಉದಾಹರಣೆಗೆ, ನೀವು ಒಗಟುಗಳ ಪುಟವೊಂದನ್ನು ಮಾಡುತ್ತೀರೆಂದು ಭಾವಿಸೋಣ. ಹತ್ತು ಒಗಟುಗಳು ಕಾಣಬೇಕು, ಉತ್ತರಗಳು ಮರೆಯಾಗಿರಬೇಕು, ಒಗಟನ್ನು ಮುಟ್ಟಿದಾಗ ಅದರ ಉತ್ತರವಷ್ಟೇ ತೆರೆಯಬೇಕು. ಉತ್ತರಗಳನ್ನೆಲ್ಲ ಒಂದೇ ಏಟಿಗೆ ಮರೆಮಾಡಲು ಜೆಕ್ವೆರಿಯಲ್ಲಿ ಬೇಕಾದುದು ಅರ್ಧ ಸಾಲು: ಒಂದು ಡಾಲರ್ ಚಿಹ್ನೆ, ಅದರ ಮುಂದಿನ ಆವರಣದಲ್ಲಿ ಉತ್ತರಗಳಿಗೆ ನೀವಿಟ್ಟ ಗುಂಪಿನ ಹೆಸರು, ಆಮೇಲೆ ಒಂದು ಚುಕ್ಕೆ ಮತ್ತು 'ಹೈಡ್' ಎಂಬ ಪದ. ಈ ಡಾಲರಿಗೆ ಹಣದ ಸಂಬಂಧವೇನೂ ಇಲ್ಲ; ಭಂಡಾರವು ಸಂಪೂರ್ಣ ಉಚಿತ. 'ಈ ಹೆಸರಿನವರನ್ನೆಲ್ಲ ಹುಡುಕಿ ತಾ' ಎಂಬ ಅಪ್ಪಣೆಗೆ ಅದು ಗುರುತು, ಅಷ್ಟೆ.

ಇಷ್ಟು ಸಣ್ಣ ಕೆಲಸಕ್ಕೆ ಭಂಡಾರವೇಕೆ ಬೇಕಾಯಿತು? ಜಾವಾಸ್ಕ್ರಿಪ್ಟನ್ನು 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಎಂಬವರು ಹತ್ತು ದಿನಗಳಲ್ಲಿ ರಚಿಸಿದರು. ಮರುವರ್ಷವೇ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ತನ್ನದೇ ಆದ ಅನುಕರಣವನ್ನು ಹೊರತಂದಿತು. ಅಲ್ಲಿಂದ ತೊಡಗಿ ಹತ್ತು ಹದಿನೈದು ವರ್ಷ ಜಾಲಪುಟ ರಚಿಸುವವರ ಪಾಡು ಹೇಳತೀರದು. ಗುಂಡಿಯನ್ನು ಒತ್ತಿದ್ದನ್ನು ಗಮನಿಸುವುದಕ್ಕೆ ಒಂದು ಬ್ರೌಸರಿನಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ಪುಟವನ್ನು ಪುನಃ ತೆರೆಯದೆ ಸರ್ವರಿನಿಂದ ಮಾಹಿತಿಯನ್ನು ತರುವುದಕ್ಕೂ ಹಾಗೆಯೇ ಎರಡು ದಾರಿ. ಒಂದೇ ಮಾತನ್ನು ಮಂಗಳೂರಿನವರಿಗೆ ಒಂದು ಬಗೆ, ಧಾರವಾಡದವರಿಗೆ ಒಂದು ಬಗೆ ಹೇಳಬೇಕಾದಂತೆ, ಪ್ರತಿಯೊಂದು ಸೂಚನೆಯನ್ನೂ ಎರಡೆರಡು ಬಾರಿ ಬರೆಯಬೇಕಾಗಿತ್ತು. 2006ರ ಜನವರಿಯಲ್ಲಿ ಜಾನ್ ರೆಸಿಗ್ ಎಂಬ ಅಮೆರಿಕದ ತರುಣರು ನ್ಯೂಯಾರ್ಕಿನ ಒಂದು ಸಭೆಯಲ್ಲಿ ಜೆಕ್ವೆರಿಯನ್ನು ಮುಂದಿಟ್ಟರು. ಅದೇ ವರ್ಷದ ಆಗಸ್ಟಿನಲ್ಲಿ ಮೊದಲನೆಯ ಪೂರ್ಣ ಆವೃತ್ತಿ ಹೊರಬಂದಿತು. ನೀವು ಒಮ್ಮೆ ಹೇಳಿರಿ, ಯಾವ ಬ್ರೌಸರಿಗೆ ಹೇಗೆ ಹೇಳಬೇಕೆಂಬುದನ್ನು ನಾನು ನೋಡಿಕೊಳ್ಳುತ್ತೇನೆ ಎಂಬುದು ಅದರ ಭರವಸೆ. ಕೆಲವೇ ವರ್ಷಗಳಲ್ಲಿ ಅದು ಲೋಕವ್ಯಾಪಕವಾಯಿತು.

ಇಲ್ಲಿ ತಿಳಿದವರು ಆಕ್ಷೇಪವೆತ್ತುವರು: "ಅದು ಹಳೆಯದಾಯಿತಲ್ಲ! ಈಗ ಏತಕ್ಕೆ ಕಲಿಸುತ್ತೀರಿ?" ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಗುಂಪಿನ ಹೆಸರು ಹಿಡಿದು ಹುಡುಕುವ ಶಕ್ತಿಯು 2009ರ ಹೊತ್ತಿಗೆ ಮುಖ್ಯ ಬ್ರೌಸರುಗಳಿಗೆ ಸ್ವತಃ ಬಂದಿತು. ಸರ್ವರಿನಿಂದ ಮಾಹಿತಿ ತರುವ ಸುಲಭ ವಿಧಾನವು 2015ರಿಂದೀಚೆಗೆ ಬಂದಿತು. ಭಾರವಾಗಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಅದರ ಒಡೆಯರೇ 2022ರ ಜೂನಿನಲ್ಲಿ ನಿವೃತ್ತಿಗೊಳಿಸಿದರು. ಬೂಟ್‌ಸ್ಟ್ರ್ಯಾಪ್ ಎಂಬ ಪ್ರಸಿದ್ಧ ವಿನ್ಯಾಸ ಸಾಧನವು 2021ರ ತನ್ನ ಐದನೆಯ ಆವೃತ್ತಿಯಲ್ಲಿ ಜೆಕ್ವೆರಿಯ ಆಸರೆಯನ್ನು ಬಿಟ್ಟುಕೊಟ್ಟಿತು. ಇದೆಲ್ಲವೂ ನಿಜ. ಆದರೂ ವರ್ಡ್‌ಪ್ರೆಸ್ಸಿನಲ್ಲಿ ಅದು ಇದೆ, ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯಲ್ಲಿ ಅದು ಇದೆ. ಎಂದರೆ ನೀವು ನಾಳೆ ಕೆಲಸಕ್ಕೆ ಸೇರಿದಾಗ ದುರಸ್ತಿಗೆಂದು ನಿಮ್ಮ ಮೇಜಿಗೆ ಬರಬಹುದಾದ ಹಳೆಯ ಪುಟಗಳಲ್ಲಿ ಅದು ಹೇರಳವಾಗಿ ಇದೆ. ಹಳೆಯ ಸೇತುವೆಯ ಮೇಲೆ ಜನಸಂಚಾರವಿರುವ ತನಕ ಅದರ ಕಟ್ಟಡವನ್ನು ಬಲ್ಲವರೂ ಬೇಕಷ್ಟೆ.

ನಮ್ಮ ಭಿನ್ನಾಭಿಪ್ರಾಯವಿರುವುದು ಭಂಡಾರದ ವಯಸ್ಸಿನ ಬಗೆಗೆ ಅಲ್ಲ, ಅದನ್ನು ಕಲಿಸುತ್ತಿರುವ ಬಗೆಯ ಕುರಿತು. ನಗರದ ಕಂಪ್ಯೂಟರ್ ತರಗತಿಗಳಿಗೆ ಹೋಗಿಬಂದ ನಮ್ಮ ಶಿಷ್ಯರ ಟಿಪ್ಪಣಿ ಪುಸ್ತಕಗಳನ್ನು ನಾವು ನೋಡಿದ್ದೇವೆ. ಸಾಲು ಸಾಲಾಗಿ ಸೂಚನೆಗಳನ್ನು ಬರೆದುಕೊಂಡಿದ್ದಾರೆ, ಬರಹ ಸುಂದರವಾಗಿದೆ, ಈ ಸಾಲಿನಿಂದ ಬ್ರೌಸರ್ ಏನು ಮಾಡುತ್ತದೆ ಎಂದು ಕೇಳಿದರೆ ಮೌನ. ಮಂತ್ರವನ್ನು ಉಚ್ಚರಿಸಿದರೆ ಬಾಗಿಲು ತೆರೆಯುತ್ತದೆ, ಸ್ವರ ತಪ್ಪಿದರೆ ತೆರೆಯುವುದಿಲ್ಲ ಎಂಬಷ್ಟೇ ಅವರ ತಿಳುವಳಿಕೆ. ಇತ್ತೀಚೆಗೆ ಕೇಳಿದೊಡನೆ ಸೂಚನೆಗಳನ್ನು ಬರೆದುಕೊಡುವ ಯಂತ್ರಬುದ್ಧಿಯೂ ಬಂದಿರುವುದರಿಂದ, ಆ ಬರೆದುಕೊಳ್ಳುವ ಶ್ರಮವೂ ತಪ್ಪಿದೆ, ಮೌನ ಮಾತ್ರ ಉಳಿದಿದೆ.

ಜೆಕ್ವೆರಿಗೆ ಒಂದು ವಿಶೇಷ ಸ್ವಭಾವವಿದೆ. ಅದನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ ಹೇಳುವುದು ಕಷ್ಟ. ನೀವು ಹುಡುಕೆಂದ ಹೆಸರಿನವರು ಯಾರೂ ಪುಟದಲ್ಲಿ ಇಲ್ಲದಿದ್ದರೆ ಅದು ದೂರುವುದಿಲ್ಲ. ಖಾಲಿ ಚೀಲವನ್ನು ತಂದು ಕೈಗೆ ಕೊಡುತ್ತದೆ, ಆ ಖಾಲಿ ಚೀಲವನ್ನು ಮರೆಮಾಡೆಂದರೆ ವಿನಯದಿಂದ ಮರೆಮಾಡುತ್ತದೆ. ಪುಟದಲ್ಲಿ ಏನೂ ನಡೆಯುವುದಿಲ್ಲ, ಕೆಂಪಕ್ಷರದ ದೂರೂ ಬರುವುದಿಲ್ಲ. ಭಂಡಾರವಿಲ್ಲದ ಬರಿಯ ಜಾವಾಸ್ಕ್ರಿಪ್ಟಿನಲ್ಲಿ ಒಂದೇ ಅಂಶವನ್ನು ಹುಡುಕುವ 'ಕ್ವೆರಿಸೆಲೆಕ್ಟರ್' ಎಂಬ ವಿಧಾನವಾದರೋ, ಸಿಗದಿದ್ದಾಗ 'ಶೂನ್ಯ' ಎಂಬರ್ಥದ 'ನಲ್' ಅನ್ನು ಕೊಡುತ್ತದೆ. ಆ ಶೂನ್ಯಕ್ಕೆ ಕೆಲಸ ಹೇಳಹೊರಟರೆ ಬ್ರೌಸರಿನ ದೋಷಫಲಕದಲ್ಲಿ ಸಾಲುಸಂಖ್ಯೆಯ ಸಹಿತ ದೂರು ಮೂಡುತ್ತದೆ. ಹೊಸಬನಿಗೆ ಈ ಒರಟು ಮಾತು ಆ ವಿನಯಕ್ಕಿಂತ ಹಿತಕರವೆಂದು ನಾವು ತಿಳಿಯುತ್ತೇವೆ. ಎಷ್ಟೋ ಹುಡುಗರು ಹೆಸರಿನ ಒಂದಕ್ಷರ ತಪ್ಪಿದ್ದನ್ನು ಕಾಣದೆ ಒಂದು ಸಂಜೆಯನ್ನೆಲ್ಲ ಕಳೆದು, ಕೊನೆಗೆ ತಮ್ಮ ತಲೆಯನ್ನೇ ದೂಷಿಸಿಕೊಂಡು ಎದ್ದುಹೋಗಿದ್ದಾರೆ. ಚೀಲದಲ್ಲಿ ಎಷ್ಟು ಮಂದಿ ಸಿಕ್ಕಿದ್ದಾರೆ ಎಂದು 'ಲೆಂಗ್ತ್' ಎಂಬ ಪದದಿಂದ ಕೇಳಿ ನೋಡುವ ಅಭ್ಯಾಸವನ್ನು ಮೊದಲ ದಿನವೇ ಕಲಿಸಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಪುಟವಿನ್ನೂ ಪೂರ್ತಿ ಕಟ್ಟಿಯಾಗುವ ಮುನ್ನವೇ ಸೂಚನೆಗಳು ನಡೆದುಬಿಟ್ಟರೂ ಇದೇ ಗತಿ. ವೃಕ್ಷವೇ ಇಲ್ಲದಾಗ ಕೊಂಬೆಯನ್ನು ಹುಡುಕಿದಂತೆ. 'ರೆಡಿ' ಎಂಬ ಪದದಿಂದ ಜೆಕ್ವೆರಿಯ ಪಾಠಗಳೆಲ್ಲ ಆರಂಭವಾಗುವುದು ಈ ಕಾರಣದಿಂದ. ಹೊಸದಾಗಿ ಸೇರಿಸಿದ ಹನ್ನೊಂದನೆಯ ಒಗಟು ಮುಟ್ಟಿದರೂ ತೆರೆಯದಿರುವುದಕ್ಕೂ ಇಂಥದೇ ಕಾರಣವುಂಟು: ನೀವು ಅಪ್ಪಣೆ ಕೊಟ್ಟಾಗ ತರಗತಿಯಲ್ಲಿದ್ದ ಹತ್ತು ಮಂದಿಗೆ ಮಾತ್ರ ಅದು ಕೇಳಿಸಿದೆ, ತಡವಾಗಿ ಬಂದವನಿಗೆ ಕೇಳಿಸಿಲ್ಲ. ಒಬ್ಬೊಬ್ಬರಿಗೂ ಹೇಳುವ ಬದಲು ಬಾಗಿಲಲ್ಲಿ ನಿಂತ ಮಾನಿಟರಿಗೆ ಹೇಳಿಟ್ಟರೆ, ಅಂದರೆ ಒಗಟುಗಳನ್ನೆಲ್ಲ ಒಳಗೊಂಡ ಹೊರಗಿನ ಪೆಟ್ಟಿಗೆಗೆ ಅಪ್ಪಣೆಯನ್ನು ಕಟ್ಟಿದರೆ, ಮುಂದೆ ಬರುವವರಿಗೂ ಅದು ಅನ್ವಯಿಸುತ್ತದೆ. ಹೀಗೆ ಪ್ರತಿಯೊಂದು 'ಮಂತ್ರ'ದ ಹಿಂದೆಯೂ ಕನ್ನಡದಲ್ಲಿ ಹೇಳಿ ಮುಗಿಸಬಹುದಾದ ಒಂದು ಕಾರಣವಿದೆ. ಬರೆದ ಸಾಲಿನ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಲಾರದ ವಿದ್ಯಾರ್ಥಿಯು ಆ ಸಾಲನ್ನು ಕಲಿತಿಲ್ಲ ಎಂದೇ ನಮ್ಮ ಮತ.

ಇನ್ನು ನಮಗೆ ಅತ್ಯಂತ ಸಮೀಪವಾದ ವಿಷಯಕ್ಕೆ ಬರುತ್ತೇವೆ. ಇಂಗ್ಲಿಷಿನ ಪಾಠಪುಸ್ತಕಗಳಲ್ಲಿ ಒಂದು ರೂಢಿಯ ಅಭ್ಯಾಸವಿದೆ: ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ ಪದವನ್ನು ಗುರುತಿಸುವ ಪುಟವನ್ನು ರಚಿಸಿರಿ ಎಂದು. ಅಕ್ಷರಗಳನ್ನು ಬಿಡಿಸಿ, ತಿರುಗಿಸಿ, ಜೋಡಿಸಿ, ಮೂಲದೊಡನೆ ಹೋಲಿಸುವುದು. ಕನ್ನಡದ ಮಗುವಿಗೆ ಇದಕ್ಕೆ ಮೊದಲು ನೆನಪಾಗುವ ಪದ ಯಾವುದೆಂದು ಹೇಳಬೇಕಾಗಿಲ್ಲ: ವಿಕಟಕವಿ. ಆದರೆ ಪುಸ್ತಕದಲ್ಲಿ ಹೇಳಿದಂತೆಯೇ ಬರೆದು 'ವಿಕಟಕವಿ'ಯನ್ನು ಕೊಟ್ಟರೆ ಪುಟವು 'ಅಲ್ಲ' ಎಂದುಬಿಡುತ್ತದೆ! ತೆನಾಲಿ ರಾಮಕೃಷ್ಣನು ಕೇಳಿದ್ದರೆ ಏನೆನ್ನುತ್ತಿದ್ದನೋ.

ಕಾರಣವು ಸ್ವಾರಸ್ಯಕರವಾದುದು. ನಮ್ಮ ಕಣ್ಣಿಗೆ ಆ ಪದದಲ್ಲಿ ಅಕ್ಷರಗಳು ಐದು. ಯಂತ್ರದ ಲೆಕ್ಕದಲ್ಲಿ ಏಳು. ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ 'ವಿ' ಎಂಬುದು ಒಂದು ಸಂಕೇತವಲ್ಲ. 'ವ' ಒಂದು, ಗುಡಿಸು ಇನ್ನೊಂದು. ತಿರುಗಿಸಿದಾಗ ಕೊನೆಯ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು ಆಧಾರವಿಲ್ಲದೆ ನಿಲ್ಲುತ್ತದೆ, ಮೊದಲಿನ ಗುಡಿಸು ಹೋಗಿ ನಡುವಿನ 'ಕ'ಕಾರಕ್ಕೆ ಅಂಟಿಕೊಳ್ಳುತ್ತದೆ. 'ಕನ್ನಡ' ಎಂಬ ಮೂರಕ್ಷರದ ಪದವೂ ಯಂತ್ರಕ್ಕೆ ಐದು: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ಬಹುಮಟ್ಟಿಗೆ ಇದು ನಮ್ಮ ವ್ಯಾಕರಣದಲ್ಲಿ ಬಾಲ್ಯದಿಂದ ಕಲಿತ ಗುಣಿತಾಕ್ಷರ ಸಂಯುಕ್ತಾಕ್ಷರಗಳ ವಿಂಗಡಣೆಯೇ ಅಲ್ಲವೇ? ಕಾಗುಣಿತವನ್ನು ಬಾಯಿಪಾಠ ಮಾಡಿದ ನಿಮಗೆ ಈ ರಹಸ್ಯವು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಇಂಗ್ಲಿಷ್ ಪುಸ್ತಕವನ್ನು ಮಾತ್ರ ಓದಿದವನಿಗೆ ಪ್ರಶ್ನೆಯೇ ಹುಟ್ಟಲಾರದು.

ನಮ್ಮ ಒಗಟಿನ ಪುಟದಲ್ಲಿ ಉತ್ತರವನ್ನು ತೋರಿಸುವ ಬದಲು ಓದುಗನಿಂದಲೇ ಬರೆಯಿಸಿ ಹೋಲಿಸುವುದಾದರೆ ತೊಡಕು ಇನ್ನೂ ಇದೆ. 'ಕೋ' ಎಂಬುದನ್ನು ಕ ಮತ್ತು ಒಂದೇ ಓಕಾರ ಚಿಹ್ನೆಯಾಗಿ ಇಡಬಹುದು. ಕ, ಒಕಾರ ಚಿಹ್ನೆ, ದೀರ್ಘ ಎಂದು ಮೂರಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. 'ಕೋಳಿ' ಎಂದು ಸರಿಯಾಗಿ ಬರೆದ ಮಗುವಿಗೆ ಪುಟವು ತಪ್ಪೆಂದು ಹೇಳಿದರೆ ಅದರ ಮನಸ್ಸಿಗೆ ಎಷ್ಟು ನೋವಾದೀತು! ಇಸವಿಯನ್ನು ಕೇಳಿದಾಗ ಕನ್ನಡದ ಅಂಕಿಗಳಲ್ಲಿ ೧೯೫೬ ಎಂದು ಬರೆದರೆ, ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. ಈ ತೊಡಕುಗಳಲ್ಲಿ ಜೆಕ್ವೆರಿಯ ಭಂಡಾರವು ನಿಮ್ಮ ಕೈಹಿಡಿಯುವುದಿಲ್ಲ. ಪರಿಹಾರವಿರುವುದು ಅದರ ಕೆಳಗಿನ ಭಾಷೆಯಲ್ಲಿ: 'ನಾರ್ಮಲೈಜ್' ಎಂಬ ವಿಧಾನವು ಎರಡು ಬಗೆಯ 'ಕೋ'ಗಳನ್ನು ಒಂದುಮಾಡುತ್ತದೆ; ಕಣ್ಣಿಗೆ ಕಾಣುವ ಘಟಕಗಳಂತೆ ಪದವನ್ನು ಬಿಡಿಸುವ 'ಸೆಗ್ಮೆಂಟರ್' ಎಂಬ ಸಾಧನವು 2024ರ ಹೊತ್ತಿಗೆ ಮುಖ್ಯ ಬ್ರೌಸರುಗಳೆಲ್ಲದರಲ್ಲಿಯೂ ದೊರೆಯುವಂತಾಯಿತು, ಅದರಿಂದ ವಿಕಟಕವಿಗೆ ಐದೇ ಅಕ್ಷರವೆಂಬ ನ್ಯಾಯವೂ ದೊರೆಯುತ್ತದೆ. ಅಂಕಿಗಳಿಗಾದರೋ ಹತ್ತು ಸಾಲಿನ ಒಂದು ವಿಧಾನವನ್ನು ನೀವೇ ಬರೆಯಬೇಕು. ಆದುದರಿಂದಲೇ ಭಂಡಾರದ ಹೆಸರುಗಳನ್ನಷ್ಟೇ ಕಲಿತು ನಿಲ್ಲುವುದು ಯಾರಿಗೆ ಸಾಕಾದರೂ ಕನ್ನಡದ ಪುಟವನ್ನು ರಚಿಸುವವನಿಗೆ ಸಾಲದು ಎಂದು ನಾವು ಹೇಳುವುದು. ಭಂಡಾರದಿಂದ ಆರಂಭಿಸಿರಿ, ಬೇಡವೆನ್ನುವುದಿಲ್ಲ. ಮೊದಲ ದಿನವೇ ಪುಟವು ಅಲ್ಲಾಡಿದರೆ ಉತ್ಸಾಹ ಬರುತ್ತದೆ. ಆದರೆ ಒಂದೊಂದು ಸಾಲನ್ನೂ ತಿರುಗಿ ಭಂಡಾರವಿಲ್ಲದೆ ಬರೆದು ನೋಡಿರಿ.

ಈ ಮಾರ್ಗದಲ್ಲಿ ನಮ್ಮವರು ಪರಕೀಯರಲ್ಲವೆಂಬುದಕ್ಕೆ ಒಂದು ಸಾಕ್ಷಿಯನ್ನು ಕೊಡುತ್ತೇವೆ. ಕನ್ನಡ ವಿಕಿಪೀಡಿಯದಲ್ಲಿ ಬರೆಯಹೊರಟವರಿಗೆ ಕನ್ನಡದ ಕೀಲಿಮಣೆ ಇಲ್ಲದಿದ್ದರೂ ಅಲ್ಲಿಯೇ ಕನ್ನಡವನ್ನು ಮೂಡಿಸುವ ಸೌಲಭ್ಯವಿದೆ. ಅದರ ಹಿಂದಿರುವುದು 'ಜೆಕ್ವೆರಿ ಐ.ಎಂ.ಇ.' ಎಂಬ, ಜೆಕ್ವೆರಿಯ ಮೇಲೆಯೇ ಕಟ್ಟಿದ ಉಚಿತ ಸಾಧನ. ಕೀಲಿಯನ್ನು ಒತ್ತಿದ ಘಟನೆಯನ್ನು ಅದು ತಡೆದು ನಿಲ್ಲಿಸಿ, ನಿಯಮಗಳ ಪಟ್ಟಿಯನ್ನು ನೋಡಿ, ಲ್ಯಾಟಿನ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಅಕ್ಷರವನ್ನು ಇಡುತ್ತದೆ. ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಎಂದು ಕನ್ನಡಕ್ಕೆ ಬೇರೆ ಬೇರೆ ನಿಯಮಕಡತಗಳಿವೆ. ಅವುಗಳನ್ನು ಯಾರು ಬೇಕಾದರೂ ತೆರೆದು ಓದಬಹುದು. ಒಂದು ಕಡೆ ಒತ್ತಿದ ಕೀಲಿ, ಇನ್ನೊಂದು ಕಡೆ ಮೂಡುವ ಅಕ್ಷರ: ಕಾಗುಣಿತದ ಪಟ್ಟಿಯಂತೆಯೇ ಇರುವ ಆ ಕಡತವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯು ಓದಿ ಅರ್ಥಮಾಡಿಕೊಳ್ಳಬಲ್ಲನು. ಬೇರೆಯವರ ಬರಹವನ್ನು ಓದಿ ಕಲಿಯುವುದಕ್ಕೆ ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಉತ್ತಮವಾದ ಮೊದಲ ಪಾಠವಿಲ್ಲ.

ಇನ್ನೊಂದು ಸಂಗತಿಯನ್ನು ಕೇಳಿ ನಮ್ಮ ವಿದ್ಯಾರ್ಥಿಗಳು ಯಾವಾಗಲೂ ಬೆರಗಾಗುತ್ತಾರೆ. ಬೀಜಗಣಿತದ ಚರಾಕ್ಷರಗಳಂತೆ ಜಾವಾಸ್ಕ್ರಿಪ್ಟಿನಲ್ಲಿಯೂ ಬೆಲೆಗಳಿಗೆ ಹೆಸರಿಡಬೇಕಾಗುತ್ತದೆ. ಆ ಹೆಸರು ಕನ್ನಡದಲ್ಲಿಯೇ ಇರಬಹುದು. 'ಅಂಕ', 'ಉತ್ತರ', 'ಒಗಟು' ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಬ್ರೌಸರ್ ಕಿಂಚಿತ್ತೂ ಆಕ್ಷೇಪಿಸುವುದಿಲ್ಲ. ಗುಂಪುಗಳ ಹೆಸರಿಗೂ ಇದೇ ನಿಯಮ. ಭಾಷೆಯ ಸ್ವಂತ ಪದಗಳು ಮಾತ್ರ ಇಂಗ್ಲಿಷಿನವು. ಒಗಟಿನ ಪುಟವನ್ನು ಮುಗಿಸಲು ಅಂಥ ಮೂವತ್ತು ಪದಗಳು ಸಾಕಾದಾವು, ಕ್ರಿಕೆಟ್ ಆಟಕ್ಕೆ ಬೇಕಾದುದಕ್ಕಿಂತ ಹೆಚ್ಚಲ್ಲ.

ಹೀಗೆಂದ ಮಾತ್ರಕ್ಕೆ ಇಂಗ್ಲಿಷೇ ಬೇಡವೆಂದು ಹೇಳಿ ನಿಮ್ಮನ್ನು ನಾವು ವಂಚಿಸಲಾರೆವು. ದೋಷಫಲಕದ ದೂರುಗಳು ಇಂಗ್ಲಿಷಿನಲ್ಲಿ ಬರುತ್ತವೆ. ಒಳ್ಳೆಯ ಆಕರಗ್ರಂಥಗಳೂ ಬಹುಪಾಲು ಆ ಭಾಷೆಯಲ್ಲಿವೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು, ಓದಲೇಬೇಕು. ನಾವೂ ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದವರು. ಆ ಕಷ್ಟವು ನಮಗೆ ತಿಳಿಯದ್ದಲ್ಲ. ಆದರೆ ಓದುವ ಭಾಷೆ ಬೇರೆ, ಅರ್ಥವಾಗುವ ಭಾಷೆ ಬೇರೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ, ಬೀದಿಯಲ್ಲಿ ಮರಾಠಿ ಹಿಂದಿಗಳನ್ನಾಡಿ ಬೆಳೆದ ನಮ್ಮ ಮಕ್ಕಳಿಗೆ ನಾಲ್ಕನೆಯ ಭಾಷೆಯ ಮೂವತ್ತು ಪದಗಳು ಹೊರೆಯಾಗಲಾರವು; ಆ ನಾಲ್ಕನೆಯ ಭಾಷೆಯಲ್ಲಿಯೇ ಮೊದಲ ಬಾರಿಗೆ ಯೋಚಿಸಬೇಕೆಂದರೆ ಹೊರೆಯಾಗುತ್ತದೆ.

ಎರಡು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯ ತಂದೆಯವರು, ಹತ್ತಿರದ ಒಂದು ಖಾಸಗಿ ಕಂಪ್ಯೂಟರ್ ತರಗತಿಗೆ ಮಗಳನ್ನು ಸೇರಿಸಲು ಹೋಗಿದ್ದರು. ಶಾಲೆ ಯಾವ ಮಾಧ್ಯಮದ್ದೆಂದು ಕೇಳಿ ತಿಳಿದು, "ಅವಳಿಗೆ ಹಿಡಿಯಲಾರದು, ಟೈಪಿಂಗ್ ಕಲಿಸಿರಿ" ಎಂದು ಅಲ್ಲಿಯವರು ಹೇಳಿ ಕಳಿಸಿದರಂತೆ. ಮರುವರ್ಷ ಆ ತಂದೆಯವರು ಮಗಳ ತಮ್ಮನನ್ನು ನಮ್ಮ ಶಾಲೆಯಿಂದಲೇ ಬಿಡಿಸಿದರು. ಅವರನ್ನು ನಾವು ದೂರುವುದಿಲ್ಲ. ಮಕ್ಕಳ ಏಳಿಗೆಯನ್ನು ಬಯಸುವ ಯಾವ ತಂದೆಯೂ ಹಾಗೆ ಚಿಂತಿಸಬಹುದು. ಆದರೆ ಹುಡುಗಿಗೆ ಹಿಡಿಯುತ್ತದೆಯೋ ಇಲ್ಲವೋ ಎಂಬುದನ್ನು ಒಂದು ಪ್ರಶ್ನೆಯನ್ನೂ ಕೇಳದೆ ನಿರ್ಣಯಿಸಿದವರ ಬುದ್ಧಿವಂತಿಕೆಯನ್ನು ನಾವು ಮೆಚ್ಚಲಾರೆವು. ಅದೇ ಹುಡುಗಿಯು ನಮ್ಮ ಶಾಲೆಯ ಹಳೆಯ ಯಂತ್ರದ ಮುಂದೆ ಕುಳಿತು, ವಿಕಟಕವಿಗೆ ಏಳಕ್ಷರವೇಕೆ ಬಂತೆಂಬುದನ್ನು ಗುಡಿಸು ಸಮೇತವಾಗಿ ತನ್ನ ಗೆಳತಿಯರಿಗೆ ವಿವರಿಸಿದಳು.

ಮುಂದಿನ ವರ್ಷದ ಮೊದಲ ಅವಧಿಯಿಂದ ಶನಿವಾರದ ಕೊನೆಯ ಎರಡು ಗಂಟೆಗಳನ್ನು ಈ ಕೆಲಸಕ್ಕೆ ಬಿಟ್ಟುಕೊಡಬೇಕೆಂದು ಮುಖ್ಯಾಧ್ಯಾಪಕರನ್ನು ಕೇಳಿಕೊಂಡಿದ್ದೇವೆ. ಯಂತ್ರಗಳು ಕಡಮೆಯಿರುವುದರಿಂದ ಒಂದೊಂದರ ಮುಂದೆ ಮೂವರು ಕುಳಿತುಕೊಳ್ಳಬೇಕಾದೀತು. ಒಬ್ಬನು ಬರೆಯಲಿ, ಇನ್ನೊಬ್ಬನು ಪ್ರತಿಯೊಂದು ಸಾಲಿನ ಅರ್ಥವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳಲಿ, ಮೂರನೆಯವನು ಹೇಳಿದ್ದು ಸರಿಯಲ್ಲವೆಂದು ತೋರಿದಾಗ ತಡೆಯಲಿ. ಜೆಕ್ವೆರಿಯ ಕಡತವನ್ನು ಶಾಲೆಯ ಯಂತ್ರಗಳಲ್ಲಿಯೇ ಇಳಿಸಿಡಲಾಗುವುದು. ಕುಗ್ಗಿಸಿದ ರೂಪದಲ್ಲಿ ಅದು 90 ಕಿಲೋಬೈಟುಗಳ ಆಸುಪಾಸಿನದು, ಸಂಪರ್ಕವಿಲ್ಲದ ದಿನವೂ ಪಾಠ ನಿಲ್ಲದು. ಒಗಟುಗಳನ್ನು ಮಾತ್ರ ನೀವು ತರಬೇಕು. ಮನೆಯಲ್ಲಿ ಅಜ್ಜಿಯರಿದ್ದವರು ಹೆಚ್ಚು ತರಲಿ.